ಬಳ್ಳಾರಿ ಬಿಸಿಲಿಗೆ ಮನೆಯ ಐಸ್ ಟೀ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಮುಗಿದು ಮಾವಿನಕಾಯಿ ಉಪ್ಪಿನಕಾಯಿ ಭರಣಿಗೆ ಇಳಿಯುವ ಹೊತ್ತಿಗೆ ನನಗೆ ಬರುವ ಫೋನುಗಳೆಲ್ಲ ಒಂದೇ ವಿಷಯದವು. "ನಿಮ್ಮನ್ಯಾಗ ಕುಡದ್ವಲ್ಲ ಆ ತಣ್ಣನ ಚಾ, ಅದನ್ನ ಹೆಂಗ ಮಾಡೂದು?" ರಾಯಚೂರಿನ ಅಕ್ಕನಿಗೆ ಒಂದು ಸಲ, ಕುಷ್ಟಗಿಯ ಚಿಕ್ಕಮ್ಮನಿಗೆ ಒಂದು ಸಲ, ಪಕ್ಕದ ಮನೆಯ ಕಾಲೇಜು ಹುಡುಗರಿಗೆ ನಾಲ್ಕು ಸಲ ಹೇಳಿ ಬಾಯಿ ಒಣಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನನ್ನ ಅನುಭವದಲ್ಲಿ ನಮ್ಮ ಕಡೆ ಐಸ್ ಟೀ ಕೆಡುವುದು ಅಳತೆ ತಪ್ಪಿ ಅಲ್ಲ. ನೀರಿನಿಂದ ಮತ್ತು ಪುಡಿಯಿಂದ. ಆ ಎರಡು ಪ್ರಶ್ನೆಗಳ ಉತ್ತರ ಮಾತ್ರ ಸ್ವಲ್ಪ ಉದ್ದ.

ಅವಸರದಲ್ಲಿದ್ದೇನೆ. ಒಂದು ಲೀಟರಿಗೆ ಲೆಕ್ಕ ಹೇಳಿಬಿಡಿ?

ಎರಡು ದಾರಿ ಇವೆ. ಮೊದಲನೆಯದು ರಾತ್ರಿಯದು. ಒಂದು ಲೀಟರ್ ಶುದ್ಧ ತಣ್ಣೀರಿಗೆ 8ರಿಂದ 10 ಗ್ರಾಂ ಎಲೆ ಚಹಾ, ಅಂದರೆ ನಾಲ್ಕೈದು ಸಣ್ಣ ಚಮಚ, ಹಾಕಿ ಮುಚ್ಚಿ ಫ್ರಿಜ್‌ನಲ್ಲಿಡಿ. ರಾತ್ರಿ ಹತ್ತಕ್ಕೆ ಇಟ್ಟರೆ ಬೆಳಿಗ್ಗೆ ಆರಕ್ಕೆ ಸೋಸಿ. ಒಲೆಯೇ ಬೇಡ. ತಣ್ಣೀರಿನಲ್ಲಿ ಒಗರು ಕಡಿಮೆ ಬಿಡುವುದರಿಂದ ಈ ಚಹಾ ನಾಲಗೆಗೆ ಮೆತ್ತಗಿರುತ್ತದೆ, ಸಕ್ಕರೆಯೂ ಕಡಿಮೆ ಸಾಕು.

ಎರಡನೆಯದು ಬಿಸಿನೀರಿನದು. ಅರ್ಧ ಲೀಟರ್ ನೀರು ಕುದಿಸಿ, ಒಲೆ ಆರಿಸಿದ ಮೇಲೆ 10 ಗ್ರಾಂ ಎಲೆ ಚಹಾ ಹಾಕಿ ಮುಚ್ಚಿ. ನಾಲ್ಕು ನಿಮಿಷಕ್ಕೆ ಸೋಸಿ. ಬಿಸಿ ಇರುವಾಗಲೇ ನಾಲ್ಕು ದೊಡ್ಡ ಚಮಚ ಸಕ್ಕರೆ ಕರಗಿಸಿ, ಮೇಲೆ ಅರ್ಧ ಲೀಟರ್ ತಣ್ಣೀರು ಸುರಿಯಿರಿ. ಆರಿದ ಮೇಲೆ ಒಂದು ನಿಂಬೆಹಣ್ಣು ಹಿಂಡಿ. ಸೋಸುವಾಗ ಚಹಾ ಅಂಗಡಿಯವರಂತೆ ಬಟ್ಟೆಯನ್ನು ತಿರುಚಿ ಹಿಂಡಬೇಡಿ. ಒಗರೆಲ್ಲ ಆ ಕೊನೆಯ ನಾಲ್ಕು ಹನಿಯಲ್ಲಿರುತ್ತದೆ.

ಮನೆಯಲ್ಲಿರುವ ದಿನದ ಚಹಾಪುಡಿ ಆಗುವುದಿಲ್ಲವೇ?

ಆಗುತ್ತದೆ, ಆದರೆ ಕೈ ಹಿಡಿದು ಹಾಕಬೇಕು. ನಮ್ಮ ಡಬ್ಬದಲ್ಲಿರುವುದು ಸಾಮಾನ್ಯವಾಗಿ ಸಿಟಿಸಿ, ಅಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿ ತೆಗೆದ ಸಾಸಿವೆಯಂಥ ಕಾಳು. ಅದು ಹುಟ್ಟಿದ್ದೇ ಬೇಗ ಬಣ್ಣ ಬಿಡಲಿ ಎಂದು. ಹಾಲು ಹಾಕಿ ಕುದಿಸುವ ಖಡಕ್ ಚಹಾಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಹಾಲಿನ ಪ್ರೋಟೀನು ಅದರ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲು ತೆಗೆದುಬಿಟ್ಟರೆ ಆ ಒಗರು ಬತ್ತಲೆ. ನಾಲಗೆ ನೇರಳೆ ಹಣ್ಣು ಕಚ್ಚಿದಂತೆ ಹಿಡಿದುಕೊಳ್ಳುತ್ತದೆ.

ಸಿಟಿಸಿಯೇ ಇದ್ದರೆ ಅರ್ಧ ಲೀಟರ್ ಕುದಿನೀರಿಗೆ ಎರಡು ಸಣ್ಣ ಚಮಚ, ಎರಡೇ ನಿಮಿಷ. ಗಡಿಯಾರ ನೋಡಿ, ಅಂದಾಜು ಬೇಡ. ಎಲೆ ಚಹಾ ಕೊಳ್ಳುವುದಾದರೆ ನೀಲಗಿರಿಯದು ಕೇಳಿ. ಪರಿಮಳ ಹಗುರ, ತಣ್ಣಗಾದ ಮೇಲೂ ಬೇರೆಯವುಗಳಷ್ಟು ಮಬ್ಬಾಗುವುದಿಲ್ಲ. ಐಸ್ ಟೀಗೆ ಹೊರದೇಶದವರೂ ಅದನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಗಟ್ಟಿ ಅಸ್ಸಾಂ ಚಹಾ ಬಿಸಿಯಲ್ಲಿ ಚೆಂದ, ತಣ್ಣಗಾದರೆ ಬೇಗ ಮಬ್ಬು.

ಫ್ರಿಜ್‌ನಲ್ಲಿಟ್ಟ ಚಹಾ ಯಾಕೆ ಕದಡಿದ ನೀರಿನಂತಾಗುತ್ತದೆ?

ನಾನು ಮೊದಲ ಸಲ ಮಾಡಿದಾಗ ಗಾಜಿನ ಜಗ್ಗಿನಲ್ಲಿ ಕಂಡದ್ದು ಕಾಲುವೆಗೆ ಹೊಸ ನೀರು ಬಿಟ್ಟ ದಿನದ ಬಣ್ಣ. ಕೆಟ್ಟಿದೆ ಎಂದು ಇಡೀ ಜಗ್ಗು ಚೆಲ್ಲಿದೆ. ಕೆಟ್ಟಿರಲಿಲ್ಲ.

ಚಹಾದ ಬಣ್ಣ ಮತ್ತು ಒಗರು ಕೊಡುವ ಪಾಲಿಫಿನಾಲ್‌ಗಳೂ ಕೆಫೀನೂ ಬಿಸಿಯಲ್ಲಿ ಬೇರೆಬೇರೆಯಾಗಿ ಕರಗಿರುತ್ತವೆ. ತಣ್ಣಗಾಗುತ್ತಿದ್ದಂತೆ ಒಂದಕ್ಕೊಂದು ಅಂಟಿಕೊಂಡು ಕಣ್ಣಿಗೆ ಕಾಣುವಷ್ಟು ದಪ್ಪನಾಗುತ್ತವೆ. ಚಹಾ ವ್ಯಾಪಾರದವರು ಇದನ್ನು ಕೆನೆಗಟ್ಟುವುದು ಎನ್ನುತ್ತಾರೆ, ಹಾಲಿನ ಕೆನೆಗೂ ಇದಕ್ಕೂ ಸಂಬಂಧವಿಲ್ಲ. ಚಹಾ ಗಟ್ಟಿಯಾದಷ್ಟೂ ಮಬ್ಬು ಹೆಚ್ಚು. ರುಚಿಗೂ ಆರೋಗ್ಯಕ್ಕೂ ಏನೂ ಆಗುವುದಿಲ್ಲ, ಬರೀ ನೋಟ.

ನೋಟವೂ ಬೇಕು ಎನ್ನುವವರು ಬಿಸಿ ಡಿಕಾಕ್ಷನ್ನನ್ನು ನೇರವಾಗಿ ಫ್ರಿಜ್‌ಗೆ ತಳ್ಳದೆ ಮೊದಲು ಹೊರಗೇ ಆರಲು ಬಿಡಿ. ಮಬ್ಬಾಗಿಯೇಬಿಟ್ಟರೆ ಒಂದು ಲೋಟ ಕುದಿನೀರು ಸುರಿದು ಕಲಕಿ, ಬಹುಪಾಲು ತಿಳಿಯಾಗುತ್ತದೆ. ನಿಂಬೆರಸ ಬಿದ್ದೊಡನೆ ಬಣ್ಣ ಕಂದಿನಿಂದ ಜೇನಿಗೆ ತಿರುಗುತ್ತದೆ, ಮಕ್ಕಳಿಗೆ ತೋರಿಸಿ. ರಾತ್ರಿ ತಣ್ಣೀರಿನಲ್ಲಿ ನೆನೆಸಿದ ಚಹಾಕ್ಕಂತೂ ಈ ತೊಂದರೆ ತೀರಾ ಕಡಿಮೆ.

ಯಾವ ನೀರು ಬಳಸಬೇಕು? ಬೋರ್‌ವೆಲ್ ನೀರು ನಡೆಯುತ್ತದೆಯೇ?

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯವರಿಗೆ ಇದೇ ಮುಖ್ಯ ಪ್ರಶ್ನೆ.

ತುಂಗಭದ್ರಾ ಕಾಲುವೆಯ ನೀರಿನಲ್ಲಿ ಮಾಡಿದ ಚಹಾಕ್ಕೂ ಬೋರಿನ ನೀರಿನ ಚಹಾಕ್ಕೂ ಇರುವ ವ್ಯತ್ಯಾಸ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬೋರಿನದು ಗಡಸು: ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಜಾಸ್ತಿ. ಚಹಾ ಅದರಲ್ಲಿ ಕಪ್ಪಗಾಗುತ್ತದೆ, ಪರಿಮಳ ಸಪ್ಪೆಯಾಗುತ್ತದೆ. ಲೋಟದ ಮೇಲೆ ಎಣ್ಣೆಯಂಥ ತೆಳು ಪೊರೆ ಕಟ್ಟಿ, ಕುಡಿದಂತೆ ಅಂಚಿಗೆ ಕಂದು ಗೆರೆಯಾಗಿ ಅಂಟುತ್ತದೆ. ಅದು ಎಣ್ಣೆಯಲ್ಲ, ನೀರಿನ ಕ್ಯಾಲ್ಸಿಯಂ ಚಹಾದ ಪಾಲಿಫಿನಾಲ್ ಜೊತೆ ಸೇರಿ ಆದ ಗಸಿ. ಬಿಸಿ ಹಾಲಿನ ಚಹಾದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಗಾಜಿನ ಲೋಟದಲ್ಲಿ ಎದ್ದು ಕಾಣುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಕರ್ಮ ನೋಡಿ: ತಣ್ಣನೆಯ ಚಹಾ ಬೇಕೆನಿಸುವುದು ಏಪ್ರಿಲ್–ಮೇನಲ್ಲಿ, ಕಾಲುವೆ ಬಂದ್ ಆಗಿ ಓಣಿಗೆ ಟ್ಯಾಂಕರ್ ಬರುವುದೂ ಆಗಲೇ.

ಗಡಸು ನೀರನ್ನು ಐದು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದ ಬಿಳಿ ಪುಡಿ ಕದಡದಂತೆ ಮೇಲಿನ ನೀರನ್ನು ಬಗ್ಗಿಸಿಕೊಂಡರೆ ಬೈಕಾರ್ಬೊನೇಟ್‌ನ ಗಡಸು ಸಾಕಷ್ಟು ಹೋಗುತ್ತದೆ. ಇಲ್ಲವೇ ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಂಡ ಕ್ಯಾನಿನ ನೀರು ಬಳಸಿ. ನಾನು ಮಾಡುವುದು ಅದನ್ನೇ.

ಕೊಪ್ಪಳ, ರಾಯಚೂರು ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಚಹಾ ಗಿಡವೋ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಇಟ್ಟುಕೊಳ್ಳುವ ಗಿಡ. ಎರಡೂ ಸೇರಿದರೆ ಹಲ್ಲು, ಮೂಳೆಗೆ ಒಳ್ಳೆಯದಲ್ಲ. ಅಂಥ ಊರಿನಲ್ಲಿ ಬೋರಿನ ನೀರಿನಿಂದ ಜಗ್ಗುಗಟ್ಟಲೆ ಐಸ್ ಟೀ ಮಾಡಿ ಮಕ್ಕಳಿಗೆ ಕೊಡಬೇಡಿ. ಆರ್‌ಒ ನೀರೇ ಇರಲಿ.

ಚಹಾ ಮಸಿಯಂತೆ ನೀಲಿಗಪ್ಪು ಆಗುತ್ತಿದೆ. ಇದೂ ಗಡಸು ನೀರೇ?

ಅಲ್ಲ, ಕಬ್ಬಿಣ. ತುಕ್ಕು ಹಿಡಿದ ಪೈಪು ಅಥವಾ ಕಬ್ಬಿಣದ ಪಾತ್ರೆ ನೋಡಿ. ಕಬ್ಬಿಣವೂ ಒಗರೂ ಸೇರಿದರೆ ಹಿಂದಿನವರು ಬರೆಯುತ್ತಿದ್ದ ಶಾಯಿಯೇ ಆಗುತ್ತದೆ. ಸ್ಟೀಲ್ ಇಲ್ಲವೇ ಗಾಜಿನ ಪಾತ್ರೆ ಬಳಸಿ. ನಿಂಬೆ ಬೀಳುವುದರಿಂದ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರವೂ ಬೇಡ.

ಐಸ್ ಎಷ್ಟು ಬೇಕು? ನನ್ನ ಎರಡು ಟ್ರೇ ಒಂದೇ ಸಲಕ್ಕೆ ಖಾಲಿ!

ಬಿಸಿ ಚಹಾವನ್ನು ಐಸ್ ಮೇಲೆ ಸುರಿದಿರಬೇಕು. ಒಂದು ಗ್ರಾಂ ಐಸ್ ಕರಗುವಾಗ 80 ಕ್ಯಾಲೊರಿ ಶಾಖ ಹೀರುತ್ತದೆ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಧ ಲೀಟರ್ ಕುದಿ ಚಹಾವನ್ನು 5 ಡಿಗ್ರಿಗೆ ಇಳಿಸಲು ಅರ್ಧ ಕಿಲೋಗಿಂತ ಹೆಚ್ಚೇ ಐಸ್ ಕರಗಬೇಕು. ಅದೇ ಚಹಾವನ್ನು ಮೊದಲು ಕೋಣೆಯ ಬಿಸಿಗೆ, ನಮ್ಮಲ್ಲಿ ಅದು 35 ಡಿಗ್ರಿ ಎಂದಿಟ್ಟುಕೊಳ್ಳಿ, ಆರಿಸಿಕೊಂಡರೆ 175–180 ಗ್ರಾಂ ಸಾಕು. ಮೂರರಲ್ಲೊಂದು ಪಾಲು.

ಆರಿಸಲು ಹರವಿಯ, ಅಂದರೆ ಮಣ್ಣಿನ ಮಡಕೆಯ, ನೀರು ತುಂಬಿದ ಅಗಲ ಪಾತ್ರೆಯಲ್ಲಿ ಚಹಾದ ಪಾತ್ರೆಯನ್ನು ಇಳಿಸಿಡಿ. ಹೊರಗಿನ ನೀರು ಬಿಸಿಯಾದರೆ ಒಮ್ಮೆ ಬದಲಿಸಿ, ಬಿಸಿಯಾದದ್ದು ಗಿಡಕ್ಕೆ. ಉಳಿದ ಚಹಾವನ್ನೇ ಟ್ರೇಗೆ ಸುರಿದು ಐಸ್ ಮಾಡಿಕೊಂಡರೆ ಅದು ಕರಗಿದರೂ ಚಹಾ ನೀರಾಗುವುದಿಲ್ಲ. ಪುದೀನಾ ಎಲೆಯೊಂದನ್ನು ಪ್ರತಿ ತುಂಡಿನಲ್ಲಿ ಹೂತಿಟ್ಟರೆ ಬಂದವರೆದುರು ಸ್ವಲ್ಪ ಬಡಾಯಿಯೂ ಆಗುತ್ತದೆ. ಪೇಟೆಯ ಬಂಡೆ ಐಸನ್ನು ಲೋಟಕ್ಕೆ ಹಾಕಬೇಡಿ. ಅದು ಯಾವ ನೀರಿನದೋ, ಯಾವ ಗೋಣಿಚೀಲದಲ್ಲಿ ಬಂದದ್ದೋ. ಬಾಟಲಿಗಳನ್ನು ಹೊರಗಿನಿಂದ ತಣ್ಣಗಿಡಲು ಮಾತ್ರ ಬಳಸಿ.

ಫ್ರಿಜ್ ಇಲ್ಲ ಅಥವಾ ಕರೆಂಟ್ ಇಲ್ಲ. ಆಗ?

ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರ ರಾಯಚೂರಿನದು, ಕುಡತಿನಿಯದು ಬಳ್ಳಾರಿಯದು, ಆದರೂ ಮಧ್ಯಾಹ್ನ ಎರಡಕ್ಕೆ ಫ್ಯಾನು ನಿಲ್ಲುವುದು ನಮ್ಮ ಮನೆಯಲ್ಲೇ. ಇರಲಿ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ತಾಸು ತಂಪು ಹಿಡಿದಿರುತ್ತದೆ. ಮಕ್ಕಳಿಗೆ ತಾಕೀತು ಮಾಡಿ.

ಫ್ರಿಜ್ಜೇ ಇಲ್ಲದವರಿಗೆ ಹರವಿ ಇದೆ. ನಮ್ಮದು ಒಣ ಬಿಸಿಲು. ಮಣ್ಣಿನ ರಂಧ್ರದಿಂದ ಜಿನುಗಿದ ನೀರು ಸರಸರ ಆವಿಯಾಗುತ್ತಾ ಒಳಗಿನ ಶಾಖ ಕದ್ದೊಯ್ಯುತ್ತದೆ. ಮಂಗಳೂರಿನ ಬೆವರು ಸೆಕೆಯಲ್ಲಿ ಹರವಿ ಇಷ್ಟು ಕೆಲಸ ಮಾಡುವುದಿಲ್ಲ, ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಬಿಸಿ ವಿಧಾನದಲ್ಲಿ ಚಹಾ ಮಾಡಿ, ಮುಚ್ಚಳದ ಸ್ಟೀಲ್ ಬಾಟಲಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿ ಹರವಿಯ ಪಕ್ಕ ಇಡಿ. ಹಲ್ಲು ಜುಮ್ಮೆನ್ನುವ ತಂಪು ಬರುವುದಿಲ್ಲ, ಗಂಟಲಿಗೆ ಹಿತವಾದ ತಂಪು ಬರುತ್ತದೆ. ಅಂದಿನದು ಅಂದೇ ಮುಗಿಯಲಿ. ರಾತ್ರಿ ನೆನೆಸುವ ವಿಧಾನವನ್ನು ಮಾತ್ರ ಫ್ರಿಜ್ ಇಲ್ಲದೆ ಮಾಡಬೇಡಿ.

ನಮ್ಮ ಬಿಸಿಲಿಗೆ ಬಾಟಲಿ ಇಟ್ಟರೆ ಅದರಲ್ಲೇ ಚಹಾ ಆಗುವುದಿಲ್ಲವೇ?

ತಾರಸಿ ಮೇಲೆ ಹಪ್ಪಳ ಒಣಗಿಸುವವರಿಗೆಲ್ಲ ಬರುವ ಯೋಚನೆ. ಅಮೆರಿಕದಲ್ಲಿ ಇದಕ್ಕೆ ಸನ್ ಟೀ ಎಂಬ ಹೆಸರೂ ಇದೆ. ಬಣ್ಣ ಬಿಡುತ್ತದೆ, ನಿಜ. ಆದರೆ ಬಿಸಿಲಿನಲ್ಲಿಟ್ಟ ಬಾಟಲಿ ಹೆಚ್ಚೆಂದರೆ 55 ಡಿಗ್ರಿಯ ಆಸುಪಾಸು ಮುಟ್ಟೀತು. ಆ ಬಿಸಿಗೆ ನೀರಿನ, ಎಲೆಯ ಸೂಕ್ಷ್ಮಜೀವಿಗಳು ಸಾಯುವ ಭರವಸೆ ಇಲ್ಲ, ಅದರ ಕೆಳಗಿನ ಬೆಚ್ಚಗೆ ಅವು ಹಬ್ಬ ಮಾಡುತ್ತವೆ. ಹಪ್ಪಳ ಒಣಗುತ್ತದೆ, ಚಹಾ ಒಣಗುವುದಿಲ್ಲ. ಹಾಗೆ ಇಟ್ಟ ಚಹಾದಲ್ಲಿ ನೂಲಿನಂಥ ಲೋಳೆ ಕಂಡರೆ ಚೆಲ್ಲಿಬಿಡಿ.

ಸಕ್ಕರೆ ತಳದಲ್ಲೇ ಕೂರುತ್ತದೆ. ಬೆಲ್ಲ ಹಾಕಬಹುದೇ?

ತಣ್ಣೀರಿನಲ್ಲಿ ಸಕ್ಕರೆ ಕರಗಲು ಸೋಮಾರಿ. ಸಮ ಅಳತೆಯ ಸಕ್ಕರೆ, ನೀರು ಕಾಯಿಸಿ ಪಾಕ ಮಾಡಿ ಶೀಶೆಯಲ್ಲಿಟ್ಟುಕೊಳ್ಳಿ, ಎಳೆ ಬರುವುದು ಬೇಡ. ತಂಪಿಗೆ ನಾಲಗೆಯ ಸಿಹಿ ಮಂಕಾಗುತ್ತದೆ, ಹಾಗಾಗಿ ಬಿಸಿಯಲ್ಲಿ ಸರಿ ಎನಿಸಿದ್ದು ಐಸ್ ಬಿದ್ದ ಮೇಲೆ ಸಪ್ಪೆ ಎನಿಸೀತು. ಬೆಲ್ಲ ಚೆನ್ನಾಗಿ ಒಪ್ಪುತ್ತದೆ, ಶುಂಠಿ ಏಲಕ್ಕಿ ಸೇರಿದರೆ ರಾಮನವಮಿಯ ಪಾನಕಕ್ಕೂ ಚಹಾಕ್ಕೂ ಬೀಗತನ ಬೆಳೆದಂತೆ. ಬಣ್ಣ ಮಾತ್ರ ಕಪ್ಪು, ಕಸ ಸೋಸಲೇಬೇಕು.

ಬೇಸಿಗೆ ಬಂದರೆ ನಿಂಬೆಹಣ್ಣಿನ ಬೆಲೆ ಆಕಾಶಕ್ಕೆ. ಬದಲಿಗೆ ಏನು?

ನಮ್ಮ ಕಡೆ ಹುಳಿಗೆ ಬರವೇ? ಬೇಯಿಸಿ ಕಿವುಚಿದ ಮಾವಿನಕಾಯಿ ಎರಡು ಚಮಚ ಲೋಟಕ್ಕೆ ಸಾಕು. ಹುಣಸೆಹಣ್ಣಿನ ತಿಳಿ ರಸವೂ ನಡೆಯುತ್ತದೆ, ಆದರೆ ಅದು ಚಹಾದ ಪರಿಮಳವನ್ನು ತುಳಿದುಬಿಡುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಸಿಕ್ಕರೆ ಒಂದು ಪಾಲು ರಸಕ್ಕೆ ಮೂರು ಪಾಲು ತಿಳಿ ಚಹಾ. ನನಗೆ ಇದು ನಿಂಬೆಗಿಂತ ಇಷ್ಟ. ನನ್ನಾರಿ, ಅಂದರೆ ಸೊಗದೆ ಬೇರಿನ, ಶರಬತ್ತಿನ ಪಾಕ ಮನೆಯಲ್ಲಿದ್ದರೆ ಸಕ್ಕರೆಯ ಬದಲು ಅದನ್ನೇ ಹಾಕಿ ನೋಡಿ. ಬಳ್ಳಾರಿಯವರಿಗೆ ಆ ಬೇರಿನ ವಾಸನೆ ಹೇಳಿಕೊಡಬೇಕಿಲ್ಲ.

ಚಹಾಪುಡಿಯೇ ಇಲ್ಲದ ಐಸ್ ಟೀ ಇದೆಯೇ?

ಇದೆ, ಅದೂ ನಮ್ಮ ಹಿತ್ತಲಿನಲ್ಲೇ. ಜೋಳದ ರೊಟ್ಟಿಯ ಜೊತೆ ತಿನ್ನುವ ಪುಂಡಿಪಲ್ಯದ ಬಳಗದಲ್ಲಿ ಕೆಂಪು ಪುಂಡಿ ಎಂಬುದುಂಟು. ಹೂವಿನ ಎಸಳು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ಉಳಿಯುವ ದಪ್ಪ ಕೆಂಪು ಪುಷ್ಪಪಾತ್ರೆ ಇದೆಯಲ್ಲ, ಅದನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಿ. ಈಜಿಪ್ಟ್, ಸುಡಾನಿನಲ್ಲಿ ಕರ್ಕಡೆ ಎಂದು ಕುಡಿಯುವುದು ಇದನ್ನೇ. ಲೀಟರಿಗೆ 10 ಗ್ರಾಂ ಒಣಗಿದ್ದು, ಕುದಿನೀರಿನಲ್ಲಿ ಹತ್ತು ನಿಮಿಷ. ಬಣ್ಣ ದಾಳಿಂಬೆ, ಹುಳಿ ತನ್ನಷ್ಟಕ್ಕೇ ಇದೆ, ಕೆಫೀನ್ ಇಲ್ಲ. ಮಕ್ಕಳಿಗೆ ನಾನು ಕೊಡುವುದು ಇದನ್ನೇ. ಇದು ರಕ್ತದೊತ್ತಡವನ್ನು ಸ್ವಲ್ಪ ಇಳಿಸುತ್ತದೆ, ಹಾಗಾಗಿ ಬಿಪಿ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮೊದಲು ವೈದ್ಯರನ್ನು ಕೇಳಿ.

ಹಾಲು ಹಾಕಬಹುದೇ?

ಹಾಕಬಹುದು, ನಿಂಬೆ ಹಾಕದಿದ್ದರೆ. ಎರಡೂ ಬಿದ್ದರೆ ಲೋಟದಲ್ಲೇ ಪನೀರ್.

ಬಿಸಿಲಿನಿಂದ ಬಂದವರಿಗೆ ನೀರಿನ ಬದಲು ಐಸ್ ಟೀ ಕೊಟ್ಟರೆ ಸಾಕೇ?

ಸಾಲದು. ಒಂದು ಲೋಟದಲ್ಲಿ ಸುಮಾರು 40–50 ಮಿಲಿಗ್ರಾಂ ಕೆಫೀನ್ ಇದ್ದೀತು. ಅದರಿಂದ ದೇಹ ಒಣಗಿಹೋಗುವುದಿಲ್ಲ, ಚಹಾದ ನೀರು ನೀರಾಗಿಯೇ ಲೆಕ್ಕಕ್ಕೆ ಬರುತ್ತದೆ. ಆದರೆ ಬೆವರಿನಲ್ಲಿ ಹೋದ ಉಪ್ಪು ಅದರಲ್ಲಿಲ್ಲ. ಹೊಲದಿಂದಲೋ ಕಟ್ಟಡದ ಕೆಲಸದಿಂದಲೋ ಬಂದವರಿಗೆ ಮೊದಲು ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕರಗಿಸಿದ್ದು. ಐಸ್ ಟೀ ಆಮೇಲೆ, ಹರಟೆಯ ಹೊತ್ತಿಗೆ. ಮೈ ಕೆಂಡವಾಗಿ ಮಾತು ತೊದಲುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ. ನೆರಳು, ಒದ್ದೆ ಬಟ್ಟೆ, ಗಾಳಿ, 108.

ಊಟದ ಜೊತೆ ಕುಡಿಯಬಹುದೇ?

ರೆಸ್ಟೋರೆಂಟುಗಳಲ್ಲಿ ಹಾಗೇ ಕೊಡುತ್ತಾರೆ. ನಾನು ಬೇಡ ಎನ್ನುತ್ತೇನೆ. ಸೊಪ್ಪು, ಕಾಳು, ರೊಟ್ಟಿಯಲ್ಲಿರುವ ಕಬ್ಬಿಣದ ಅಂಶವನ್ನು ಚಹಾದ ಒಗರು ಹಿಡಿದುಕೊಂಡುಬಿಡುತ್ತದೆ, ಮೈಗೆ ಸೇರಗೊಡುವುದಿಲ್ಲ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು, ಗರ್ಭಿಣಿಯರು, ಕಬ್ಬಿಣದ ಮಾತ್ರೆ ನುಂಗುವವರು ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರ ಇಡಿ. ನಿಂಬೆ ಹಿಂಡಿದ್ದರೆ ತೊಂದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಅಂಗಡಿಯ ಐಸ್ ಟೀ ಪುಡಿ ತಂದರೆ ಇಷ್ಟೆಲ್ಲ ಉಸಾಬರಿ ಏಕೆ?

ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ಇರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಮೊದಲ ಪದ ಸಕ್ಕರೆ, ಚಹಾ ಎಲ್ಲೋ ಹಿಂದೆ. ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲೇ ಸಿಹಿ ಇಲ್ಲದೆ, ಪುದೀನಾ ಮತ್ತು ಚಿಟಿಕೆ ಕಪ್ಪುಪ್ಪು ಹಾಕಿ ಮಾಡಿಕೊಳ್ಳುವುದು ಲೇಸು.

ಎಷ್ಟು ದಿನ ಇಡಬಹುದು?

ಫ್ರಿಜ್‌ನಲ್ಲಿ ಎರಡು ದಿನ. ನಿಂಬೆ, ಪುದೀನಾ ಲೋಟಕ್ಕೇ ಹಾಕಿ, ಜಗ್ಗಿಗೆ ಬೇಡ. ನಿಂಬೆ ಸಿಪ್ಪೆ ಜಗ್ಗಿನಲ್ಲಿ ರಾತ್ರಿ ಕಳೆದರೆ ಬೆಳಿಗ್ಗೆ ಕಹಿ.

ಇದು ಯಾರು ಕಂಡುಹಿಡಿದದ್ದು?

1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಭಾರತದ ಚಹಾದ ಪ್ರಚಾರಕ್ಕೆ ಹೋಗಿದ್ದ ರಿಚರ್ಡ್ ಬ್ಲೆಚಿಂಡೆನ್ ಎಂಬಾತ, ಸೆಕೆಗೆ ಯಾರೂ ಬಿಸಿ ಚಹಾ ಮುಟ್ಟದ್ದು ಕಂಡು ಐಸ್ ಹಾಕಿ ಕೊಟ್ಟ ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಅವನು ಅದನ್ನು ಜನಪ್ರಿಯ ಮಾಡಿದ್ದಿರಬಹುದು, ಆದರೆ ಹುಟ್ಟಿಸಿದವನಲ್ಲ. 1870ರ ದಶಕದಲ್ಲೇ ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ತಣ್ಣನೆಯ ಚಹಾ ಅಚ್ಚಾಗಿತ್ತು. ನಮ್ಮತ್ತೆಯ ಪ್ರಕಾರ ಕಂಡುಹಿಡಿಯುವಂಥದ್ದೇನೂ ಅದರಲ್ಲಿಲ್ಲ: "ಆರಿದ ಚಾಕ್ಕ ಬರ್ಫ ಹಾಕಿದ್ರ ಅದಕ್ಕೊಂದು ಬ್ಯಾರೆ ಹೆಸರಾ?"

ಮನೆಯಲ್ಲಿ ಕಾರ್ಯ ಇದೆ, ಮೂವತ್ತು ಮಂದಿ. ಲೆಕ್ಕ?

ತಲೆಗೆ 200 ಮಿಲಿ ಹಿಡಿದರೆ ಆರು ಲೀಟರ್. ಹಿಂದಿನ ರಾತ್ರಿ ಎರಡು ಮೂರು ಪಾತ್ರೆಯಲ್ಲಿ ಒಟ್ಟು 60 ಗ್ರಾಂ ಎಲೆ ಚಹಾ ನೆನೆಸಿ. ಸಕ್ಕರೆ 350ರಿಂದ 400 ಗ್ರಾಂ, ಪಾಕವಾಗಿ ಬೇರೆ ಇರಲಿ, ಬೇಡದವರು ಬಿಡುತ್ತಾರೆ. ನಿಂಬೆಹಣ್ಣು ಎಂಟು ಹತ್ತು, ಪುದೀನಾ ಎರಡು ಕಟ್ಟು, ಐಸ್ ಮೂರು ಕಿಲೋ, ಅದನ್ನು ಮೂರು ದಿನ ಮೊದಲಿಂದ ಟ್ರೇ ಟ್ರೇ ಕೂಡಿಡಬೇಕು. ಮಿರ್ಚಿ, ಮಂಡಕ್ಕಿ ಒಗ್ಗರಣೆ ಇದ್ದರೆ ಇನ್ನೆರಡು ಲೀಟರ್ ಹೆಚ್ಚು ಮಾಡಿ, ಖಾರಕ್ಕೆ ಎರಡನೇ ಲೋಟ ಕೇಳುತ್ತಾರೆ. ಜೊತೆಗೆ ಒಂದು ದೊಡ್ಡ ಥರ್ಮಾಸ್ ತುಂಬ ಬಿಸಿ ಚಹಾ ಮರೆಯಬೇಡಿ. ಕಳೆದ ಮೇನಲ್ಲಿ ಹೊರಗೆ ರಣಬಿಸಿಲು, ನಮ್ಮ ಜಗಲಿಯ ಹಿರಿಯರು ಐಸ್ ಟೀ ಲೋಟವನ್ನು ಮೂಸಿ ನೋಡಿ, ಪಕ್ಕಕ್ಕಿಟ್ಟು, "ಚಾ ಯಾವಾಗ ಬರ್ತದವ್ವಾ?" ಎಂದಿದ್ದರು.